ಜೇನುನೊಣಕ್ಕೆ ಅಮಲೇರಿದರೆ ಕೆಡುವುದು ಕಲಿಕೆಯೋ, ಪ್ರತಿಕ್ರಿಯೆಯೋ?

ಹೂ ಬಿಡುವ ಕಾಲ ಬಂತೆಂದರೆ ಜೇನುನೊಣಗಳ ಬಗ್ಗೆ ಒಂದೇ ಬಗೆಯ ಸುದ್ದಿ ಮತ್ತೆ ಮತ್ತೆ ಹರಿದಾಡುತ್ತದೆ. ಹುಳಿಬಂದ ಮಕರಂದ ಹೀರಿ ನೊಣಗಳಿಗೆ ಅಮಲೇರಿದೆ, ಅವು ನೆಲದ ಮೇಲೆ ಹೊರಳಾಡುತ್ತಿವೆ, ಗೂಡಿನ ಬಾಗಿಲಲ್ಲಿ ಕಾವಲು ನೊಣಗಳು ಅವನ್ನು ಒಳಗೆ ಬಿಡುತ್ತಿಲ್ಲ ಎಂಬ ವರದಿಗಳಿಗೆ ಒಂದು ದೃಶ್ಯತುಣುಕೂ ಜೊತೆಯಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಸತ್ ಭವನದ ಆವರಣದ ಜೇನುಗೂಡುಗಳಿಂದ ಬಂದ ಇಂಥದೇ ಸುದ್ದಿ ಜಗತ್ತಿನೆಲ್ಲೆಡೆ ಓದುಗರನ್ನು ತಲುಪಿತ್ತು. ಇದರ ಜೊತೆಜೊತೆಗೇ ಬೇರೆ ಶೀರ್ಷಿಕೆಗಳೂ ಕಾಣಿಸುತ್ತವೆ. ಜೇನುನೊಣಗಳಿಗೆ ಮದ್ಯಸಾರ ಇಷ್ಟ ಎಂದು ಒಂದು ಹೇಳಿದರೆ, ಮದ್ಯಸಾರದಿಂದ ಅವುಗಳ ನೆನಪು ಕೆಡುತ್ತದೆ ಎಂದು ಇನ್ನೊಂದು ಹೇಳುತ್ತದೆ. ಅವು ಅದಕ್ಕೆ ಒಗ್ಗಿಕೊಳ್ಳುತ್ತವೆ ಎನ್ನುತ್ತದೆ ಮತ್ತೊಂದು. ಇವೆಲ್ಲವನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ.

ಈ ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಅವು ಬೇರೆ ಬೇರೆ ಪ್ರಮಾಣದ ಮದ್ಯಸಾರದ ಬಗ್ಗೆ, ಬೇರೆ ಬೇರೆ ಸಂದರ್ಭಗಳಲ್ಲಿ ನಡೆದ ಅಧ್ಯಯನಗಳಿಂದ ಬಂದಂಥವು. ನೊಣಕ್ಕೆ ಎಷ್ಟು ಮದ್ಯಸಾರ ಸಿಕ್ಕಿತು, ಅದು ದೇಹದ ಯಾವ ಕೆಲಸಕ್ಕೆ ಅಡ್ಡಿಯಾಯಿತು, ಅದರ ಪರಿಣಾಮ ಒಂದು ನೊಣದಲ್ಲೇ ನಿಂತಿತೇ ಅಥವಾ ಗೂಡಿಗೂ ಹರಡಿತೇ ಎಂಬುದನ್ನು ಬಿಡಿಸಿ ನೋಡದ ಹೊರತು ಈ ಸುದ್ದಿಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಹೂವಿನೊಳಗೆ ಮದ್ಯಸಾರ ಬರುವುದು ಹೇಗೆ

ಮಕರಂದವೆಂದರೆ ಮುಖ್ಯವಾಗಿ ನೀರು ಮತ್ತು ಸಕ್ಕರೆ. ಸಕ್ಕರೆ ಕರಗಿದ ನೀರು ತೆರೆದ ಹೂವಿನಲ್ಲಿ ಕೆಲವು ಗಂಟೆ ನಿಂತರೂ ಸಾಕು, ಅಲ್ಲಿ ಸಕ್ಕರೆಯನ್ನು ಹುದುಗಿಸಿ ಮದ್ಯಸಾರವಾಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ಬೆಳೆಯಲು ಅವಕಾಶವಾಗುತ್ತದೆ. ಹೂವುಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಮೆಟ್ಸ್‌ನಿಕೋವಿಯ ಎಂಬ ಕುಲದ ಯೀಸ್ಟ್‌ಗಳು. ಇವು ಗಾಳಿಗಿಂತ ಹೆಚ್ಚಾಗಿ ಹೂವಿನಿಂದ ಹೂವಿಗೆ ಹೋಗುವ ಕೀಟಗಳ ನಾಲಿಗೆ ಮತ್ತು ಮೈಗೆ ಅಂಟಿಕೊಂಡೇ ಹರಡುತ್ತವೆ. ಅಂದರೆ ಹುದುಗುವಿಕೆಗೆ ಬೇಕಾದ ಬೀಜವನ್ನು ಬಿತ್ತುವುದರಲ್ಲಿ ಜೇನುನೊಣಗಳಂಥ ಕೀಟಗಳದೇ ದೊಡ್ಡ ಪಾಲು. ಹವೆ ಬಿಸಿಯಾಗಿ ತೇವದಿಂದ ಕೂಡಿದ್ದರೆ ಮತ್ತು ಹೂವಿಗೆ ಕೀಟಗಳ ಭೇಟಿ ಕಡಿಮೆಯಾಗಿ ಮಕರಂದ ಹಾಗೆಯೇ ಉಳಿದರೆ ಈ ಕ್ರಿಯೆ ಚುರುಕಾಗುತ್ತದೆ. ಬಿರಿದ, ಕೊಳೆಯತೊಡಗಿದ ಹಣ್ಣುಗಳ ರಸ ಇನ್ನೊಂದು ಮೂಲ. ಜೇನುನೊಣದ ದವಡೆಗೆ ಗಟ್ಟಿ ಸಿಪ್ಪೆಯನ್ನು ಸೀಳುವ ಶಕ್ತಿ ಇಲ್ಲವಾದರೂ, ಈಗಾಗಲೇ ಒಡೆದ ಹಣ್ಣಿನಿಂದ ಅದು ರಸ ಹೀರಬಲ್ಲದು.

ಪ್ರಕೃತಿಯಲ್ಲಿ ಈ ಮದ್ಯಸಾರದ ಪ್ರಮಾಣ ಎಷ್ಟರವರೆಗೆ ಏರಬಹುದು ಎಂಬುದಕ್ಕೆ ಮಲೇಷ್ಯಾದ ಬೆರ್ತಮ್ ತಾಳೆಯ ಉದಾಹರಣೆಯನ್ನು ಕೊಡುವುದು ವಾಡಿಕೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ತಾಳೆಯ ಮಕರಂದದಲ್ಲಿ ಗರಿಷ್ಠ ಶೇ. 3.8ರಷ್ಟು ಮದ್ಯಸಾರ ದಾಖಲಾಗಿತ್ತು, ಮತ್ತು ಅದನ್ನು ರಾತ್ರಿಯಿಡೀ ಹೀರುವ ಪುಟ್ಟ ಸಸ್ತನಿಗಳಲ್ಲಿ ಅಮಲಿನ ಲಕ್ಷಣಗಳೇನೂ ಕಂಡಿರಲಿಲ್ಲ. ಇದು ತೀರಾ ಎತ್ತರದ ಅಂಕಿ ಎಂಬುದನ್ನು ಮರೆಯಬಾರದು. ಸಾಮಾನ್ಯ ಹೂವುಗಳಲ್ಲಿ ಸಿಗುವ ಪ್ರಮಾಣ ಇದಕ್ಕಿಂತ ಬಹಳ ಕೆಳಗಿರುತ್ತದೆ.

ಪ್ರಮಾಣವನ್ನು ಲೆಕ್ಕ ಹಾಕದೆ ಮಾತಾಡುವಂತಿಲ್ಲ

ಸುದ್ದಿಗಳಲ್ಲಿ ತೀರಾ ಉಪೇಕ್ಷೆಗೊಳಗಾಗುವ ಅಂಶ ಇದು. ಉಳಿದ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇಲ್ಲಿಂದಲೇ. ಪ್ರಯೋಗಗಳಲ್ಲಿ ಜೇನುನೊಣಕ್ಕೆ ಸಾಮಾನ್ಯವಾಗಿ ಸಕ್ಕರೆ ನೀರಿನಲ್ಲಿ ಶೇ. 1ರಿಂದ ಶೇ. 20ರವರೆಗೆ ಮದ್ಯಸಾರ ಬೆರೆಸಿ ಕುಡಿಸುತ್ತಾರೆ. ಮುಂದೆ ವಿವರಿಸಲಿರುವ ಒಂದು ಪ್ರಯೋಗದಲ್ಲಿ ಪ್ರತಿ ನೊಣಕ್ಕೆ ಕೊಟ್ಟದ್ದು 15 ಮೈಕ್ರೋಲೀಟರ್ ದ್ರವ. ಅದರಲ್ಲಿ ಶೇ. 10ರಷ್ಟು ಮದ್ಯಸಾರವಿದ್ದರೆ, ನೊಣದ ಹೊಟ್ಟೆ ಸೇರುವುದು ಸುಮಾರು 1.2 ಮಿಲಿಗ್ರಾಂ ಶುದ್ಧ ಮದ್ಯಸಾರ. ಕೆಲಸಗಾರ ನೊಣದ ತೂಕವೇ ಸುಮಾರು 100 ಮಿಲಿಗ್ರಾಂ. ದೇಹತೂಕದ ಅನುಪಾತದಲ್ಲಿ ಇದನ್ನು 60 ಕಿಲೋ ತೂಕದ ಮನುಷ್ಯನಿಗೆ ಹೋಲಿಸಿದರೆ ಸುಮಾರು 700 ಗ್ರಾಂ ಶುದ್ಧ ಮದ್ಯಸಾರವಾಗುತ್ತದೆ; ಅದು ಜೀವಕ್ಕೇ ಎರವಾಗುವ ಮಟ್ಟ. ಕೀಟದ ಶರೀರಕ್ರಿಯೆಯೇ ಬೇರೆ, ಆದ್ದರಿಂದ ಈ ಹೋಲಿಕೆಯನ್ನು ಅಕ್ಷರಶಃ ಎಳೆಯುವಂತಿಲ್ಲ. ಆದರೂ ಪ್ರಯೋಗಾಲಯದ ಪ್ರಮಾಣ ಎಂಥದ್ದು ಎಂಬ ಅಂದಾಜು ಇದರಿಂದ ಸಿಗುತ್ತದೆ.

ಇನ್ನು ಹೂವಿನ ಕಡೆಯಿಂದ ನೋಡೋಣ. ಒಂದು ನೊಣ 40 ಮಿಲಿಗ್ರಾಂ ಮಕರಂದ ತುಂಬಿಕೊಂಡಿತು, ಅದರಲ್ಲಿ ಶೇ. 0.1ರಷ್ಟು ಮದ್ಯಸಾರವಿತ್ತು ಎಂದಿಟ್ಟುಕೊಂಡರೆ ಅದು ಹೊತ್ತೊಯ್ಯುವ ಮದ್ಯಸಾರ 0.04 ಮಿಲಿಗ್ರಾಂ, ಎಂದರೆ ಮೇಲಿನ ಪ್ರಯೋಗದ ಪ್ರಮಾಣದ ಮೂವತ್ತರಲ್ಲಿ ಒಂದು ಭಾಗ. ಅದೂ ಪೂರ್ತಿಯಾಗಿ ರಕ್ತಗತವಾಗುವುದಿಲ್ಲ. ಮೇವು ತರುವ ನೊಣ ಮಕರಂದವನ್ನು ಜೇನುಚೀಲವೆಂಬ ಮುಂಗರುಳಿನ ಚೀಲದಲ್ಲಿ ಹೊತ್ತು ತರುತ್ತದೆ. ಆ ಚೀಲದ ಕೊನೆಯಲ್ಲಿ ಒಂದು ಕವಾಟವಿದೆ. ತನ್ನ ಹಾರಾಟಕ್ಕೆ ಬೇಕಾದಷ್ಟನ್ನು ಮಾತ್ರ ನೊಣವು ಆ ಕವಾಟದ ಮೂಲಕ ಜಠರಕ್ಕೆ ಬಿಟ್ಟುಕೊಂಡು, ಉಳಿದದ್ದನ್ನು ಗೂಡಿನಲ್ಲಿರುವ ಸಂಗಾತಿಗಳ ಬಾಯಿಗೆ ದಾಟಿಸುತ್ತದೆ. ಗೂಡಿನೊಳಗೆ ಆ ಮಕರಂದ ಹಲವು ನೊಣಗಳ ನಡುವೆ ಹಂಚಿಹೋಗುತ್ತದೆ; ಸುಮಾರು 35 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ಗಾಳಿಯಲ್ಲಿ, ರೆಕ್ಕೆ ಬೀಸುವ ನೊಣಗಳ ನಡುವೆ ನೀರು ಆರಿಹೋದಂತೆ ಬೇಗ ಆವಿಯಾಗುವ ಮದ್ಯಸಾರವೂ ಆರಿಹೋಗುತ್ತದೆ. ತೇವಾಂಶ ಶೇ. 18ರ ಆಸುಪಾಸಿಗೆ ಇಳಿದ ಜೇನಿನಲ್ಲಿ ಯೀಸ್ಟ್ ಬೆಳೆಯುವುದೇ ಕಷ್ಟ. ಆದ್ದರಿಂದ ಇಡೀ ಗೂಡಿಗೆ ಗೂಡೇ ಅಮಲೇರಿ ಬೀಳುತ್ತದೆ ಎಂಬ ಕಲ್ಪನೆಯನ್ನು ಜೇನುಗೂಡಿನ ಈ ವ್ಯವಸ್ಥೆ ಪುಷ್ಟೀಕರಿಸುವುದಿಲ್ಲ.

ಪ್ರಮಾಣದ ಈ ಅಂತರವನ್ನು ಮುಂದಿಟ್ಟುಕೊಂಡು ಪ್ರಯೋಗಾಲಯದ ಅಧ್ಯಯನಗಳು ನಿರುಪಯುಕ್ತ ಎಂದು ತಳ್ಳಿಹಾಕುವವರೂ ಇದ್ದಾರೆ. ಅದು ಸರಿಯಲ್ಲ. ಆ ಅಧ್ಯಯನಗಳಲ್ಲಿ ಹೆಚ್ಚಿನವು ನರಮಂಡಲದ ಮೇಲೆ ಮದ್ಯಸಾರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ನಡೆದವೇ ಹೊರತು, ಹೂವಿನಲ್ಲಿ ಏನಾಗುತ್ತದೆ ಎಂದು ಹೇಳಲು ಅಲ್ಲ. ಸುದ್ದಿಯಾಗುವಾಗ ಈ ಎರಡು ಉದ್ದೇಶಗಳೂ ಒಂದಾಗಿಬಿಡುವುದೇ ತೊಂದರೆ.

ನಾಲಿಗೆ ಚಾಚುವ ಪರೀಕ್ಷೆ

ಕೀಟವೊಂದು ಕಲಿತಿದೆ ಎಂದು ಹೇಳುವುದು ಹೇಗೆ ಎಂಬುದು ತಿಳಿದರೆ ಮುಂದಿನ ವಾದವೂ ತಿಳಿಯುತ್ತದೆ. ಜೇನುನೊಣದ ಕುಡಿಮೀಸೆಗೆ ಸಕ್ಕರೆ ನೀರು ತಾಗಿದೊಡನೆ ಅದು ನಾಲಿಗೆಯನ್ನು ಹೊರಚಾಚುತ್ತದೆ. ಇದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ. ಪ್ರಯೋಗಕ್ಕೆ ನೊಣವನ್ನು ತುಸು ಹೊತ್ತು ತಣ್ಣಗಿರಿಸಿ ನಿಶ್ಚಲಗೊಳಿಸುತ್ತಾರೆ. ಆಮೇಲೆ ಬೆರಳಿನ ಗೆಣ್ಣಿಗಿಂತ ಚಿಕ್ಕದಾದ ಕೊಳವೆಯಲ್ಲಿ ನಿಲ್ಲಿಸಿ, ತಲೆ ಮಾತ್ರ ಹೊರಗಿರುವಂತೆ ಪಟ್ಟಿಯಿಂದ ಬಿಗಿಯುತ್ತಾರೆ. ಎಚ್ಚೆತ್ತು ಹಸಿದ ನೊಣದ ಮುಂದೆ ಕೆಲವು ಸೆಕೆಂಡು ಒಂದು ವಾಸನೆಯ ಗಾಳಿಯನ್ನು ಬಿಟ್ಟು, ಆ ವಾಸನೆ ಇರುವಾಗಲೇ ಕುಡಿಮೀಸೆಗೆ ಸಕ್ಕರೆ ನೀರು ಮುಟ್ಟಿಸಿ, ನಾಲಿಗೆ ಹೊರಬಂದಾಗ ಒಂದು ಹನಿ ಕುಡಿಸುತ್ತಾರೆ. ಕೆಲವೇ ಸಲ ಹೀಗೆ ಮಾಡಿದ ಮೇಲೆ ವಾಸನೆಯೊಂದೇ ಬಂದರೂ ಸಾಕು, ನಾಲಿಗೆ ಹೊರಬರುತ್ತದೆ. ವಾಸನೆ ಬಂದರೆ ಸಕ್ಕರೆ ಬರುತ್ತದೆ ಎಂದು ನೊಣ ಕಲಿತಿದೆ ಎಂಬುದಕ್ಕೆ ಅದೇ ಸಾಕ್ಷಿ. ಸುಮಾರು ಹತ್ತು ಲಕ್ಷ ನರಕೋಶಗಳ ಮಿದುಳಿರುವ ಜೀವಿ ಇಷ್ಟು ಬೇಗ ಕಲಿಯುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ಅಮೆರಿಕದ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಚಾರ್ಲ್ಸ್ ಅಬ್ರಾಮ್‌ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಕ್ಷೇತ್ರಕ್ಕೆ ಚಾಲನೆ ಸಿಕ್ಕಿತು. ಹೀಗೆ ಕಟ್ಟಿಟ್ಟ ನೊಣಗಳು ಶೇ. 20ರವರೆಗಿನ ಮದ್ಯಸಾರ ಬೆರೆತ ಸಕ್ಕರೆ ನೀರನ್ನು ತಡೆಯಿಲ್ಲದೆ ಕುಡಿದವು. ಕುಡಿಮೀಸೆಗೆ ದ್ರವ ತಾಗದಂತೆ ನೋಡಿಕೊಂಡರೆ ಶೇ. 95ರಷ್ಟು ಮದ್ಯಸಾರವನ್ನೂ ಅವು ಹೀರಿದವು. ಎಂದರೆ ತೀವ್ರ ಮದ್ಯಸಾರದ ಬಗ್ಗೆ ಎಚ್ಚರಿಸುವ ಕೆಲಸದಲ್ಲಿ ಕುಡಿಮೀಸೆಯ ಪಾತ್ರ ದೊಡ್ಡದು ಎಂದಾಯಿತು. ಇದೇ ಅಧ್ಯಯನದಲ್ಲಿ ಮದ್ಯಸಾರದ ಪ್ರಮಾಣ ಹೆಚ್ಚಿದಂತೆ ಓಡಾಟವೂ ವಾಸನೆಯ ಕಲಿಕೆಯೂ ಕೆಡುವುದು ಕಂಡುಬಂತು.

ಓಡಾಟದ ಮಾತನ್ನು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದರು. ಮದ್ಯಸಾರ ಹೆಚ್ಚಿದಂತೆ ನೊಣಗಳು ನಡೆಯುವ, ಹಾರುವ, ಮೈ ಒರೆಸಿಕೊಳ್ಳುವ ಸಮಯ ಕಡಿಮೆಯಾಗಿ, ಅಂಗಾತ ಬಿದ್ದಿರುವ ಸಮಯ ಹೆಚ್ಚಾಯಿತು. ಅವುಗಳ ದೇಹದ್ರವದಲ್ಲಿನ ಮದ್ಯಸಾರದ ಮಟ್ಟವೂ ಅದಕ್ಕೆ ತಕ್ಕಂತೆ ಏರಿತ್ತು. ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಮೂಲ ವಿವಾದ: ಕಲಿಯಲಿಲ್ಲವೋ, ತೋರಿಸಲಾಗಲಿಲ್ಲವೋ?

ವಿವಾದವಿರುವುದು ಕಲಿಕೆಯ ಬಗ್ಗೆ. ನಾಲಿಗೆ ಚಾಚುವುದೇ ಕಲಿಕೆಯ ಅಳತೆಗೋಲಾದಾಗ, ನಾಲಿಗೆ ಚಾಚದ ನೊಣದ ಬಗ್ಗೆ ಹಲವು ವಿವರಣೆಗಳು ಸಾಧ್ಯ. ವಾಸನೆಗೂ ಸಕ್ಕರೆಗೂ ಇರುವ ನಂಟು ಅದರ ಮಿದುಳಿನಲ್ಲಿ ಅಚ್ಚಾಗದೇ ಇರಬಹುದು. ನಂಟು ಅಚ್ಚಾಗಿದ್ದರೂ ವಾಸನೆಯೇ ಸರಿಯಾಗಿ ಗೊತ್ತಾಗದೇ ಇರಬಹುದು. ವಾಸನೆ ಗೊತ್ತಾಗಿ, ನೆನಪೂ ಬಂದು, ನಾಲಿಗೆಯ ಸ್ನಾಯುಗಳು ಮಾತ್ರ ಸ್ಪಂದಿಸದೇ ಇರಬಹುದು. ಹಸಿವೇ ಮಂಕಾಗಿ ಸಕ್ಕರೆಯ ಆಸೆ ಇಲ್ಲವಾಗಿರುವ ಸಾಧ್ಯತೆಯೂ ಇದೆ. ಹೊರಗಿನಿಂದ ನೋಡುವವರಿಗೆ ಇವೆಲ್ಲವೂ ಒಂದೇ ಥರ ಕಾಣುತ್ತವೆ.

ಜೂಲಿ ಮಸ್ಟರ್ಡ್, ಜೆರಾಲ್ಡೀನ್ ರೈಟ್ ಮತ್ತು ಸಂಗಡಿಗರ 2008ರ ಅಧ್ಯಯನ ಮೊದಲ ಎರಡು ವಿವರಣೆಗಳಿಗೆ ಬಲ ಕೊಡುತ್ತದೆ. ಮದ್ಯಸಾರ ಕುಡಿದ ನೊಣಗಳಲ್ಲಿ ವಾಸನೆಯ ಕಲಿಕೆ ಕುಂದಿದ್ದಲ್ಲದೆ, ಒಂದು ವಾಸನೆಯಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸುವ ಶಕ್ತಿಯೂ ಕುಂದಿತ್ತು. ಮೇವಿಗೆ ಹೋಗುವ ನೊಣಕ್ಕೆ ಈ ಎರಡನೆಯ ನಷ್ಟವೇ ಹೆಚ್ಚು ದುಬಾರಿ. ಮಕರಂದ ಕೊಡುವ ಹೂವಿನ ವಾಸನೆಯನ್ನು ಕೊಡದ ಹೂವಿನ ವಾಸನೆಯೊಂದಿಗೆ ಬೆರೆಸಿಕೊಂಡರೆ ಹಾರಾಟದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಅಬ್ರಾಮ್‌ಸನ್ ಮತ್ತು ಸಂಗಡಿಗರದೇ 2015ರ ಪ್ರಯೋಗ. ಅವರು ಟರ್ಕಿಯ ಅನಟೋಲಿಯಾ ಪ್ರದೇಶದ ಉಪತಳಿಯ ನೊಣಗಳಿಗೆ ದಾಲ್ಚಿನ್ನಿ ಮತ್ತು ಲ್ಯಾವೆಂಡರ್ ವಾಸನೆಗಳಲ್ಲಿ ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಬರೀ ನೀರು ಎಂದು ಕಲಿಸಿ, ಬಳಿಕ ಅದನ್ನು ಅದಲು ಬದಲು ಮಾಡಿದರು. ಹಳೆಯ ಪಾಠವನ್ನು ಬಿಟ್ಟು ಹೊಸದನ್ನು ಹಿಡಿಯಲು ಪ್ರತಿಕ್ರಿಯೆಯನ್ನು ತಡೆಹಿಡಿಯುವ ಶಕ್ತಿ ಬೇಕು. ಮದ್ಯಸಾರ ಮೊದಲು ಕೆಡಿಸುವುದು ಆ ಶಕ್ತಿಯನ್ನೇ ಎಂಬುದು ಇತರ ಪ್ರಾಣಿಗಳ ಅಧ್ಯಯನಗಳಿಂದ ಬಂದ ನಿರೀಕ್ಷೆಯಾಗಿತ್ತು. ಹಾಗಿದ್ದರೆ ಮದ್ಯಸಾರ ಕುಡಿದ ನೊಣಗಳು ತಪ್ಪು ವಾಸನೆಗೂ ನಾಲಿಗೆ ಚಾಚುತ್ತಲೇ ಇರಬೇಕಿತ್ತು. ಆದದ್ದು ಬೇರೆ. ಮದ್ಯಸಾರದ ಪ್ರಮಾಣ ಹೆಚ್ಚಿದಂತೆ ಸಕ್ಕರೆಯ ವಾಸನೆಗೂ, ನೀರಿನ ವಾಸನೆಗೂ, ಕೊನೆಗೆ ಸಕ್ಕರೆ ನೀರು ಕುಡಿಮೀಸೆಗೆ ತಾಗಿದಾಗಲೂ ಪ್ರತಿಕ್ರಿಯೆ ಒಟ್ಟಾರೆಯಾಗಿ ಕುಂದಿತು. ಕಲಿಯಬೇಕಾದ ಅಗತ್ಯವೇ ಇಲ್ಲದ, ಹುಟ್ಟಿನಿಂದ ಬಂದ ಪ್ರತಿಕ್ರಿಯೆಯೇ ಕುಂದಿದ್ದರಿಂದ, ಮದ್ಯಸಾರವು ಕಲಿಕೆಯನ್ನಷ್ಟೇ ಆರಿಸಿ ಹೊಡೆಯುವುದಿಲ್ಲ, ನಡವಳಿಕೆಯನ್ನೇ ಒಟ್ಟಾರೆಯಾಗಿ ಅದುಮುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಈ ಎರಡು ನಿಲುವುಗಳನ್ನು ಒಂದಕ್ಕೊಂದು ವಿರುದ್ಧ ಎಂದು ಭಾವಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ವಾಸನೆಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಮಸುಕಾಗುವುದು, ಪ್ರಮಾಣ ಏರಿದಂತೆ ಇಡೀ ಪ್ರತಿಕ್ರಿಯಾ ವ್ಯವಸ್ಥೆಯೇ ಜಡವಾಗುವುದು, ಇವು ಒಂದೇ ಪ್ರಕ್ರಿಯೆಯ ಎರಡು ಹಂತಗಳಾಗಿರಬಹುದು. ಆದರೆ ಶೇ. 10 ಅಥವಾ 20ರ ಪ್ರಮಾಣದಲ್ಲಿ ಸಿಕ್ಕ ಫಲಿತಾಂಶವನ್ನು ನೆನಪಿನ ನಷ್ಟ ಎಂದು ಕರೆಯುವಾಗ ಬಹಳ ಎಚ್ಚರ ಬೇಕು. ಸಕ್ಕರೆಗೇ ನಾಲಿಗೆ ಚಾಚದ ನೊಣವನ್ನು ಮರೆತ ನೊಣ ಎನ್ನಲಾಗದು.

ಎರಡನ್ನೂ ಬೇರ್ಪಡಿಸುವ ದಾರಿ ಇದೆ. ಕೆಫೀನ್ ಮೇಲಿನ ಕೆಲಸ ಅದನ್ನು ಚೆನ್ನಾಗಿ ತೋರಿಸುತ್ತದೆ. ಕಾಫಿ ಮತ್ತು ನಿಂಬೆ ಜಾತಿಯ ಹೂವುಗಳ ಮಕರಂದದಲ್ಲಿ ಕೆಫೀನ್ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಅಷ್ಟೇ ಪ್ರಮಾಣದ ಕೆಫೀನನ್ನು ಬಹುಮಾನದ ಸಕ್ಕರೆ ನೀರಿನಲ್ಲಿ ಬೆರೆಸಿ ಕಲಿಸಿದಾಗ, 24 ಗಂಟೆಗಳ ನಂತರ ವಾಸನೆಯನ್ನು ನೆನಪಿಟ್ಟುಕೊಂಡ ನೊಣಗಳ ಸಂಖ್ಯೆ ಸುಮಾರು ಮೂರು ಪಟ್ಟಾಗಿತ್ತು ಎಂದು ಜೆರಾಲ್ಡೀನ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದರು. ಇಲ್ಲಿ ಕಲಿಕೆಗೂ ಪರೀಕ್ಷೆಗೂ ನಡುವೆ ಒಂದು ದಿನದ ಅಂತರವಿತ್ತು. ಮದ್ಯಸಾರದ ವಿಷಯದಲ್ಲೂ ಅಮಲಿನಲ್ಲಿ ಕಲಿಸಿ, ಅಮಲು ಪೂರ್ತಿ ಇಳಿದ ಮೇಲೆ ಪರೀಕ್ಷಿಸಿದಾಗ ಮಾತ್ರ ನೆನಪಿನ ಪಾಲೆಷ್ಟು, ಮೈಯ ಜಡತೆಯ ಪಾಲೆಷ್ಟು ಎಂಬುದು ಬಿಡಿಬಿಡಿಯಾಗಿ ಕಾಣಿಸುತ್ತದೆ. ಯಾವುದೇ ಹೊಸ ವರದಿಯನ್ನು ಓದುವಾಗ, ಪರೀಕ್ಷೆ ನಡೆದಾಗ ನೊಣದ ದೇಹದಲ್ಲಿ ಮದ್ಯಸಾರ ಇನ್ನೂ ಇತ್ತೇ ಎಂಬುದನ್ನು ಮೊದಲು ನೋಡಬೇಕು.

ಗೂಡಿಗೆ ತಲುಪುವ ಸಂದೇಶ

ಜೇನುನೊಣ ಒಂಟಿ ಜೀವಿಯಲ್ಲ. ಒಂದು ನೊಣ ಹೂವಿನ ತಾಣವನ್ನು ಮರೆತರೆ ಗೂಡಿಗೆ ಆಗುವ ನಷ್ಟ ಅಲ್ಪ. ಆದರೆ ಅದು ಗೂಡಿಗೆ ಬಂದು ಕೊಡುವ ಸಂದೇಶ ಕೆಟ್ಟರೆ ನಷ್ಟ ಹಲವು ಪಟ್ಟಾಗುತ್ತದೆ. ಒಳ್ಳೆಯ ಹೂವಿನ ತಾಣ ಸಿಕ್ಕಾಗ ಮೇವಿನ ನೊಣ ಹೊಟ್ಟೆಯನ್ನು ಅಲ್ಲಾಡಿಸುತ್ತ ನಡೆಸುವ ನೃತ್ಯದಲ್ಲಿ ದಿಕ್ಕು ಮತ್ತು ದೂರ ಎರಡೂ ಅಡಗಿರುತ್ತವೆ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತ್ತು. ಇದಲ್ಲದೆ ನಡುಕದ ನೃತ್ಯ ಎಂಬುದೊಂದಿದೆ. ತಂದ ಮಕರಂದವನ್ನು ಇಳಿಸಿಕೊಳ್ಳುವವರು ಬಹಳ ಹೊತ್ತು ಸಿಗದಿದ್ದಾಗ ಮೇವಿನ ನೊಣ ಮೈ ನಡುಗಿಸುತ್ತ ಗೂಡೆಲ್ಲ ಓಡಾಡುತ್ತದೆ. ಇಳಿಸಿಕೊಳ್ಳಲು ಇನ್ನಷ್ಟು ನೊಣಗಳು ಬರಲಿ, ಹೊಸದಾಗಿ ಮೇವಿಗೆ ಹೋಗುವವರು ತುಸು ತಡೆಯಲಿ ಎಂಬುದು ಅದರ ಪರಿಣಾಮ ಎಂದು ಥಾಮಸ್ ಸೀಲಿ 1992ರಲ್ಲಿ ತೋರಿಸಿದರು.

ಸ್ಲೊವೇನಿಯಾದ ಯಾಂಕೊ ಬೋಜಿಚ್ ಮತ್ತು ಅಬ್ರಾಮ್‌ಸನ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾರಣಕ್ಕೇ ನನಗೆ ಪ್ರಯೋಗಾಲಯದ ಹಲವು ಫಲಿತಾಂಶಗಳಿಗಿಂತ ಮುಖ್ಯವೆನಿಸುತ್ತದೆ. ಸ್ವತಂತ್ರವಾಗಿ ಹಾರಿಬಂದು ಮದ್ಯಸಾರ ಬೆರೆತ ಸಕ್ಕರೆ ನೀರು ಕುಡಿದ ನೊಣಗಳು ಗೂಡಿಗೆ ಮರಳಿದಾಗ, ತಾಣವನ್ನು ಸೂಚಿಸುವ ನೃತ್ಯ ಕಡಿಮೆಯಾಗಿ ನಡುಕದ ನೃತ್ಯ ಹೆಚ್ಚಾಗಿತ್ತು. ಇದರ ಕಾರ್ಯಕಾರಣವನ್ನು ಬಿಡಿಸಿದರೆ, ಹೂವು ಹೇರಳವಾಗಿರುವಾಗಲೂ ಗೂಡಿಗೆ ಅದರ ಸುದ್ದಿ ತಲುಪುವುದಿಲ್ಲ. ಮಕರಂದ ಇಳಿಸಿಕೊಳ್ಳುವವರ ಕೊರತೆ ಇಲ್ಲದಿದ್ದರೂ ಕೊರತೆಯ ಸಂಕೇತ ಹರಡುತ್ತದೆ. ಒಂದೆರಡು ನೊಣಗಳಲ್ಲಿ ಹೀಗಾದರೆ ಸಾವಿರಾರು ನೊಣಗಳ ಗೂಡು ಅದನ್ನು ಸರಿದೂಗಿಸಿಕೊಳ್ಳುತ್ತದೆ. ಮೇವಿನ ನೊಣಗಳಲ್ಲಿ ದೊಡ್ಡ ಪಾಲು ಹೀಗಾದರೆ ಮಾತ್ರ ಮೇವಿನ ಹಂಚಿಕೆಯೇ ತಪ್ಪುತ್ತದೆ. ಆದರೆ ಹಾಗಾಗಲು ಹೆಚ್ಚಿನ ಪ್ರಮಾಣದ ಮದ್ಯಸಾರವಿರುವ ಮಕರಂದ ಒಂದೇ ಕಾಲಕ್ಕೆ ದೊಡ್ಡ ಪ್ರದೇಶದಲ್ಲಿ ಸಿಗಬೇಕು. ಪ್ರಕೃತಿಯಲ್ಲಿ ಇದು ಅಪರೂಪ.

ಒಗ್ಗಿಕೊಳ್ಳುವುದೂ ಒಂದು ಕಲಿಕೆ

ಪೋಲೆಂಡಿನ ಕ್ರಾಕೋವ್‌ನ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಕೆಲಸ ಈ ಚರ್ಚೆಗೆ ಹೊಸ ತಿರುವು ಕೊಟ್ಟಿತು. ಒಮ್ಮೆ ಅಮಲಿನ ಅನುಭವವಾಗಿದ್ದ ನೊಣಗಳು ಮುಂದಿನ ಸಲ ಮದ್ಯಸಾರಕ್ಕೆ ಒಡ್ಡಿಕೊಂಡಾಗ, ಮೊದಲ ಬಾರಿ ಒಡ್ಡಿಕೊಂಡ ನೊಣಗಳಿಗಿಂತ ಕಡಿಮೆ ತೂರಾಡಿದವು. ಈ ತಾಳಿಕೆ ಎಲ್ಲಿಂದ ಬಂತು ಎಂದು ಅವರು ಕೆದಕಿದಾಗ, ಮದ್ಯಸಾರ ಬರುವ ಸನ್ನಿವೇಶದ ಸುಳಿವುಗಳನ್ನು ನೊಣದ ದೇಹ ಕಲಿತುಕೊಂಡು, ಅದರ ಪರಿಣಾಮಕ್ಕೆ ಪ್ರತಿಯಾಗಿ ಮೊದಲೇ ಸಿದ್ಧವಾಗುತ್ತದೆ ಎಂಬ ವಿವರಣೆಯೇ ಹೆಚ್ಚು ಸಂಭವನೀಯವೆಂದು ಕಂಡುಬಂತು. ಕಲಿಕೆಯನ್ನು ಕುಂದಿಸುತ್ತದೆ ಎನ್ನಲಾದ ವಸ್ತುವಿಗೆ ಒಗ್ಗಿಕೊಳ್ಳುವುದೇ ಕಲಿಕೆಯ ಮೂಲಕ ಎಂಬ ಈ ಫಲಿತಾಂಶ, ಮದ್ಯಸಾರ ಕಲಿಕೆಯನ್ನು ಸಾರಾಸಗಟಾಗಿ ಅಳಿಸಿಹಾಕುತ್ತದೆ ಎಂಬ ಸರಳ ಹೇಳಿಕೆಯನ್ನು ಒಪ್ಪುವುದಿಲ್ಲ.

ಅದೇ ತಂಡ 2021ರಲ್ಲಿ ಇನ್ನೂ ಮುಂದೆ ಹೋಯಿತು. ದೀರ್ಘಕಾಲ ಮದ್ಯಸಾರ ಬೆರೆತ ಆಹಾರ ತಿಂದ ನೊಣಗಳಿಗೆ ಅದನ್ನು ನಿಲ್ಲಿಸಿದ ಮೇಲೆ, ಮತ್ತೆ ಸಿಕ್ಕಾಗ ಅವು ಗಣನೀಯವಾಗಿ ಹೆಚ್ಚು ಮದ್ಯಸಾರ ಸೇವಿಸಿದವು. ಸಾವಿನ ಪ್ರಮಾಣವೂ ತುಸು ಏರಿತು. ಆದರೆ ಸಕ್ಕರೆಯಿಲ್ಲದೆ ಬರೀ ನೀರಿನಲ್ಲಿ ಬೆರೆಸಿ ಕೊಟ್ಟ ಮದ್ಯಸಾರದ ಸೆಳೆತ ಹೆಚ್ಚಿರಲಿಲ್ಲ. ಅವಲಂಬನೆಯ ಲಕ್ಷಣಗಳು ಕಾಣುತ್ತವೆ ಎಂಬುದು ಅವರ ತೀರ್ಮಾನ. ಜೇನುನೊಣಗಳಿಗೆ ಮದ್ಯಸಾರ ಇಷ್ಟ ಎಂಬ ಶೀರ್ಷಿಕೆಗಳನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. 2019ರ ಅಧ್ಯಯನವೊಂದರಲ್ಲಿ ನೊಣಗಳು ಬರೀ ಸಕ್ಕರೆ ನೀರಿಗಿಂತ ಅಲ್ಪ ಮದ್ಯಸಾರವಿದ್ದ ಸಕ್ಕರೆ ನೀರಿನ ಕಡೆಗೆ ಒಲವು ತೋರಿದ್ದು ನಿಜ. ಆ ಒಲವು ಸಕ್ಕರೆಯ ಜೊತೆಗೆ ಬಂದದ್ದು. ಹುದುಗಿನ ವಾಸನೆ ಎಂದರೆ ಅಲ್ಲಿ ಸಕ್ಕರೆ ಇದೆ ಎಂಬ ಸುಳಿವೂ ಹೌದು.

ಮನುಷ್ಯರ ಕುಡಿತವನ್ನು ನೊಣ ವಿವರಿಸಬಲ್ಲದೇ?

ಇಷ್ಟೆಲ್ಲ ಶ್ರಮ ಏಕೆಂದರೆ, ಮನುಷ್ಯರ ಮದ್ಯವ್ಯಸನವನ್ನು ತಿಳಿಯಲು ಜೇನುನೊಣ ಒಳ್ಳೆಯ ಮಾದರಿಯಾದೀತು ಎಂಬ ನಿರೀಕ್ಷೆ. ನೊಣ ತಾನಾಗಿಯೇ ಮದ್ಯಸಾರ ಕುಡಿಯುತ್ತದೆ, ಬೇಗ ಕಲಿಯುತ್ತದೆ, ಸಮಾಜದಲ್ಲಿ ಬದುಕುತ್ತದೆ, 2006ರಿಂದ ಅದರ ಜೀನೋಮ್ ಪೂರ್ತಿ ಲಭ್ಯವಿದೆ. ಈ ವಾದದಲ್ಲಿ ತೂಕವಿದೆ. ನರಕೋಶದ ಮಟ್ಟದಲ್ಲಿ ಮದ್ಯಸಾರದ ಕೆಲಸ, ತಾಳಿಕೆ ಬೆಳೆಯುವ ಬಗೆ ಇಂಥವನ್ನು ನೊಣದಲ್ಲಿ ಅಭ್ಯಸಿಸುವುದು ಉಪಯುಕ್ತ. ಆದರೆ ಕೆಲವೇ ವಾರ ಬದುಕುವ ಕೀಟದಲ್ಲಿ ವರ್ಷಗಟ್ಟಲೆ ಬೆಳೆಯುವ ವ್ಯಸನದ ಸಾಮಾಜಿಕ, ಮಾನಸಿಕ ಕಾರಣಗಳನ್ನು ಹುಡುಕಲಾಗದು.

ಕೀಟಗಳ ನಡುವೆಯೇ ಎಷ್ಟು ಅಂತರವಿದೆ ಎಂಬುದನ್ನೂ ಗಮನಿಸಬೇಕು. ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದಂತೆ, ಪೌರ್ವಾತ್ಯ ಕಣಜಗಳು ಶೇ. 80ರವರೆಗಿನ ಮದ್ಯಸಾರವಿದ್ದ ಆಹಾರವನ್ನು ತಿಂದರೂ ಅವುಗಳ ನಡವಳಿಕೆಗಾಗಲಿ ಆಯುಸ್ಸಿಗಾಗಲಿ ಧಕ್ಕೆಯಾಗಲಿಲ್ಲ. ಮದ್ಯಸಾರವನ್ನು ಒಡೆಯುವ ಕಿಣ್ವದ ಜೀನ್ ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿರುವುದು ಇದಕ್ಕೆ ಕಾರಣವಿರಬಹುದು ಎಂದು ಅವರು ಸೂಚಿಸಿದ್ದಾರೆ. ಜೇನುನೊಣಕ್ಕೆ ಅಂಥ ಶಕ್ತಿಯಿಲ್ಲ. ಹತ್ತಿರದ ಬಂಧುಗಳಲ್ಲೇ ಇಷ್ಟು ವ್ಯತ್ಯಾಸವಿರುವಾಗ, ನೊಣದಿಂದ ಮನುಷ್ಯನಿಗೆ ನೇರವಾಗಿ ಜಿಗಿಯುವ ತೀರ್ಮಾನಗಳನ್ನು ನಂಬುವುದು ಕಷ್ಟ.

ನೆಲದ ಮೇಲೆ ಹೊರಳುವ ನೊಣಗಳು

ಅಮಲೇರಿದ ನೊಣಗಳ ಸುದ್ದಿಯಿಂದ ಆಗುವ ನಿಜವಾದ ಹಾನಿ ಇರುವುದು ಇಲ್ಲಿ. ನಡುಗುವುದು, ಹಾರಲಾಗದೆ ತೆವಳುವುದು, ಅಂಗಾತ ಬಿದ್ದು ಕಾಲಾಡಿಸುವುದು ಕೀಟನಾಶಕದ ವಿಷ ತಾಗಿದ ನೊಣಗಳ ಲಕ್ಷಣಗಳೂ ಹೌದು. ಕೀಟದ ನರಮಂಡಲಕ್ಕೆ ನೇರವಾಗಿ ಹೊಡೆಯುವ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥೋಕ್ಸಾಮ್ ಎಂಬ ಮೂರು ಕೀಟನಾಶಕಗಳ ಹೊರಾಂಗಣ ಬಳಕೆಯನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿದ್ದು ಜೇನುನೊಣಗಳಿಗೆ ಅವುಗಳಿಂದಾಗುವ ಅಪಾಯವನ್ನು ಪರಿಗಣಿಸಿಯೇ. ಇನ್ನೊಂದು ಕಡೆ, ದೀರ್ಘಕಾಲಿಕ ಪಾರ್ಶ್ವವಾಯು ವೈರಸ್ ತಗುಲಿದ ನೊಣಗಳು ರೆಕ್ಕೆ ಮತ್ತು ಮೈ ನಡುಗಿಸುತ್ತವೆ, ಗೂಡಿನ ಮುಂದೆ ಗುಂಪಾಗಿ ತೆವಳುತ್ತವೆ. ಕೆಲವು ನೊಣಗಳ ಮೈಕೂದಲು ಉದುರಿ ಕಪ್ಪಗೆ ಮಿರುಗುತ್ತವೆ, ಮತ್ತು ಇಂಥವನ್ನು ಕಾವಲು ನೊಣಗಳು ಬಾಗಿಲಲ್ಲೇ ತಡೆದು ದಬ್ಬುತ್ತವೆ. ದೃಶ್ಯತುಣುಕಿನಲ್ಲಿ ಕಾಣುವ ಕಾವಲು ನೊಣಗಳ ನಡವಳಿಕೆ ಮದ್ಯಸಾರಕ್ಕೆ ಎಷ್ಟು ಸಾಕ್ಷಿಯೋ ಈ ರೋಗಕ್ಕೂ ಅಷ್ಟೇ ಸಾಕ್ಷಿ.

ಆದ್ದರಿಂದ ಬರೀ ಕಣ್ಣಿನಿಂದ ನೋಡಿ ಇದು ಅಮಲು ಎಂದು ತೀರ್ಮಾನಿಸಲಾಗದು. ಒಂದೆರಡು ವ್ಯತ್ಯಾಸಗಳು ಮಾತ್ರ ನೆರವಾಗುತ್ತವೆ. ಮದ್ಯಸಾರ ದೇಹದಿಂದ ಕಳೆಯುತ್ತ ಬಂದಂತೆ ನೊಣ ಚೇತರಿಸಿಕೊಳ್ಳುತ್ತದೆ. ತೀವ್ರ ವಿಷ ತಾಗಿದ ನೊಣ ಸಾಮಾನ್ಯವಾಗಿ ಚೇತರಿಸಿಕೊಳ್ಳುವುದಿಲ್ಲ. ಗೂಡಿನ ಮುಂದೆ ಹಠಾತ್ತನೆ ನೂರಾರು ನೊಣಗಳು ನಾಲಿಗೆ ಹೊರಚಾಚಿ ಸತ್ತು ಬಿದ್ದಿದ್ದರೆ, ಅದರಲ್ಲೂ ಆಸುಪಾಸಿನಲ್ಲಿ ಔಷಧಿ ಸಿಂಪಡಣೆ ನಡೆದಿದ್ದರೆ, ಮೊದಲ ಅನುಮಾನ ಕೀಟನಾಶಕದ ಮೇಲೆಯೇ ಬರಬೇಕು. ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ನಡುಗುವ, ಕಪ್ಪಗೆ ಮಿರುಗುವ ನೊಣಗಳು ಹೆಚ್ಚುತ್ತಿದ್ದರೆ ವೈರಸ್ ಬಗ್ಗೆ ಯೋಚಿಸಬೇಕು. ಸತ್ತ ನೊಣಗಳನ್ನು ತಡಮಾಡದೆ ಶುಚಿಯಾದ ಡಬ್ಬಿಯಲ್ಲಿ ಹಾಕಿ ಹೆಪ್ಪುಗಟ್ಟುವಷ್ಟು ತಣ್ಣಗಿಟ್ಟು, ದಿನಾಂಕ ಮತ್ತು ಸ್ಥಳ ಬರೆದು ಪರೀಕ್ಷೆಗೆ ಕಳಿಸಿದರೆ ಕಾರಣ ತಿಳಿಯುವ ಸಾಧ್ಯತೆ ಇದೆ. ಬಿಸಿಲಿನಲ್ಲಿ ಒಂದೆರಡು ದಿನ ಬಿದ್ದ ಮಾದರಿಯಲ್ಲಿ ಕೀಟನಾಶಕದ ಉಳಿಕೆಯೂ ವೈರಸ್ಸಿನ ಕುರುಹೂ ಬೇಗ ನಶಿಸುತ್ತವೆ.